ಮಾದೇವನಿಗಾಗಿ ಮೇಷ್ಟ್ರು ತೆರೆದ ಪುಟ

ಪುಟ್ಟಸ್ವಾಮಿ ಮೇಷ್ಟ್ರು ಎಂಟರ್ ಕೀಲಿಯನ್ನು ಒತ್ತುತ್ತಿರಲಿಲ್ಲ, ಹೊಡೆಯುತ್ತಿದ್ದರು. ಹುಣಸೂರಿನಲ್ಲಿ ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದ ಕೈ ಅದು. ಕಂಪ್ಯೂಟರಿನ ಮುಂದೆಯೂ ಸಾಲು ಮುಗಿದೊಡನೆ ಎಡಗೈ ಗಾಳಿಯಲ್ಲಿ ಟೈಪ್‌ರೈಟರಿನ ಇಲ್ಲದ ಸನ್ನೆಕೋಲನ್ನು ತಳ್ಳುತ್ತಿತ್ತು. ನಾನು ಅವರಲ್ಲೇ ಕಲಿತವಳು. ಆಮೇಲೆ ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳತೊಡಗಿದೆ, ಅವರು ಟೈಪ್‌ರೈಟರುಗಳನ್ನು ಮಾರಿ ಇಂಟರ್‌ನೆಟ್ ಅಂಗಡಿ ಇಟ್ಟರು.

ಅವರ ತಮ್ಮ ಮಾದೇವ ಹನಗೋಡಿನ ಮನೆಯಿಂದ ಕಾಣೆಯಾಗಿ ಆಗ ಎರಡು ವರ್ಷ. ಅವನ ಬುದ್ಧಿ ಸ್ವಲ್ಪ ನಿಧಾನ. ಯಾವ ಊರು ಎಂದರೆ ತನ್ನ ಹೆಸರು ಹೇಳುತ್ತಿದ್ದ. ಕಂಡವರು ತಿಳಿಸಲೆಂದು ಮೇಷ್ಟ್ರು ಒಂದು ವೆಬ್ ಪುಟ ಮಾಡಿದರು. ಮೇಲೆ ಮಾದೇವನ ಫೋಟೊ, ಕೆಳಗೆ ಬರೆಯುವ ಜಾಗ ಮತ್ತು 'ಕಳಿಸು' ಎಂಬ ಗುಂಡಿ. ಬರೆದದ್ದನ್ನು ಅವರಿಗೆ ಇ-ಮೇಲ್ ಮಾಡುವ ಸ್ಕ್ರಿಪ್ಟನ್ನು ನಾನು ಬರೆದುಕೊಟ್ಟೆ. ನೂರಾರು ತಾಣಗಳು ಹಂಚಿಕೊಂಡಿದ್ದ ಸರ್ವರಿನಲ್ಲಿ ಅದನ್ನು ಇಟ್ಟೆವು.

"ವಠಾರ ಕಣವ್ವ ಇದು. ಮುಂದ್ಲವ್ರು ಜಾಸ್ತಿ ನೀರು ಇಡ್ಕಂಡ್ರೆ ನಮ್ ನಲ್ಲಿ ನಿಂತೋಯ್ತದೆ," ಎನ್ನುತ್ತಿದ್ದರು ಮೇಷ್ಟ್ರು.

ಮೊದಲು ಸ್ಕ್ರಿಪ್ಟ್ ಪ್ರತಿ ಸಂದೇಶದ ಒಂದು ನಕಲನ್ನು ಸರ್ವರಿನಲ್ಲೂ ಇಡಲು ನೋಡುತ್ತಿತ್ತು. ಅಲ್ಲಿ ಬರೆಯಲು ಅನುಮತಿಯಿಲ್ಲವೆಂದು ಪುಟವೇ ತಪ್ಪು ತೋರಿಸುತ್ತಿತ್ತು. ಮೂರು ದಿನ ಒದ್ದಾಡಿ ಆ ಸಾಲನ್ನು ನಾನು ಅಳಿಸಿದೆ. ಮೇಲ್ ಬರುತ್ತದಲ್ಲ, ಸಾಕು ಎಂದೆ.

ಇನ್ನೊಂದು ಬದಲಾವಣೆ ಅವರದು. ಮೇಲ್ ಹೋಗುವವರೆಗೆ ಪುಟ ಖಾಲಿ ನಿಲ್ಲುವುದು ಅವರಿಗೆ ಸರಿಬರಲಿಲ್ಲ. "ಮನೆಗ್ ಬಂದೋರ್ಗೆ ಮೊದ್ಲು ನೀರು ಕೊಡ್ಬೇಕು. ಸಮಾಚಾರ ಆಮ್ಯಾಕೆ." 'ನಿಮ್ಮ ಮಾತು ತಲುಪಿತು, ನಿಮಗೆ ಋಣಿ' ಎಂಬ ಸಾಲನ್ನು ಮೇಲ್ ಕಳಿಸುವ ಸಾಲಿಗಿಂತ ಮುಂಚೆ ಇಟ್ಟೆ. ನಾವೇ ಬರೆದು ಪರೀಕ್ಷಿಸಿದೆವು. ಮೇಲ್ ಬಂತು.

ಅಂದಿನಿಂದ ಮೇಷ್ಟ್ರು ಅಂಗಡಿಯ ಬಾಗಿಲು ತೆಗೆದು ಊದುಬತ್ತಿ ಹಚ್ಚುವ ಮೊದಲು ಮೇಲ್ ನೋಡುತ್ತಿದ್ದರು. "ಯಾರೂ ಕಂಡಿಲ್ಲ ಬುಡು," ಎಂದು ಕಡ್ಡಿ ಗೀರುತ್ತಿದ್ದರು.

ಏಳು ತಿಂಗಳ ಮೇಲೆ ಒಂದು ದಿನ ನಾನು ಸುಮ್ಮನೆ ಪರೀಕ್ಷೆಗೆಂದು ಬರೆದೆ. ಋಣಿ ಎಂದು ಬಂತು, ಮೇಲ್ ಬರಲಿಲ್ಲ. ವಿಚಾರಿಸಿದರೆ ಸರ್ವರಿನವರು ಮೇಲ್ ಕಳಿಸುವ ಪ್ರೋಗ್ರಾಮನ್ನು ಬೇರೆ ಜಾಗಕ್ಕೆ ಸರಿಸಿ ಆರು ತಿಂಗಳಾಗಿತ್ತು. ನಮ್ಮ ಸ್ಕ್ರಿಪ್ಟ್ ಹಳೆಯ ಜಾಗದಲ್ಲೇ ಅದನ್ನು ಕರೆಯುತ್ತಿತ್ತು. ಸರಿಪಡಿಸಲು ಒಂದೇ ಸಾಲು ಸಾಕಾಯಿತು.

ಆಮೇಲೆ ಸರ್ವರಿನ ದಾಖಲೆ ತೆಗೆದೆ. ಯಾವ ಸಂಪರ್ಕದಿಂದ, ಎಷ್ಟು ಗಂಟೆಗೆ ಎಂಬುದಷ್ಟೇ ಅದರಲ್ಲಿರುತ್ತದೆ. ಏನು ಬರೆದರು ಎಂಬುದು ಇರುವುದಿಲ್ಲ. ಆ ಆರು ತಿಂಗಳಲ್ಲಿ ನನ್ನದನ್ನು ಬಿಟ್ಟು ಮೂರು ಸಲ 'ಕಳಿಸು' ಒತ್ತಲಾಗಿತ್ತು. ಆ ಸಂಪರ್ಕಗಳ ಜಾಡು ಹಿಡಿದು ಒಂದು ಇಂಟರ್‌ನೆಟ್ ಕಂಪನಿಯವರೆಗೆ ಹೋದೆವು. ಅವರಲ್ಲಿ ಹಳೆಯ ದಾಖಲೆ ಉಳಿದಿರಲಿಲ್ಲ.

ಹಿಂದೆ ಬರೆದವರು ದಯವಿಟ್ಟು ಇನ್ನೊಮ್ಮೆ ಬರೆಯಿರಿ ಎಂದು ಮೇಷ್ಟ್ರು ಪುಟದ ಮೇಲೆ ಹಾಕಿದರು. ತಲುಪಿತು ಎಂದು ಓದಿ ಹೋದವರು ಮತ್ತೆ ಏಕೆ ಬರುತ್ತಾರೆ?

ಕೊನೆಯ ಸಲ ಅವರನ್ನು ಕಂಡದ್ದು ಮೈಸೂರಿನ ಆಸ್ಪತ್ರೆಯಲ್ಲಿ. ದಿಂಬಿನ ಕೆಳಗಿನಿಂದ ಆ ದಾಖಲೆಯ ಪ್ರಿಂಟ್ ತೆಗೆದರು.

"ಇಲ್ನೋಡವ್ವ, ಒಬ್ರೇ ಎರಡು ಸಲ ಒತ್ತವ್ರೆ. ನಾಕು ನಿಮಿಷ ಬುಟ್ಟು."

"ಕೈ ತಪ್ಪಿರಬಹುದು ಸಾರ್."

"ಕೈ ತಪ್ಪಿದ್ರೆ ಆಗಿಂದಾಗ್ಲೇ ಒತ್ತೋರು. ನಾಕು ನಿಮಿಷ ಕುಂತು ಇನ್ನೇನೋ ಬರ್ದವ್ರೆ. ಮೊದ್ಲು ಮರ್ತಿದ್ದೇನೋ ಇತ್ತು."

ಅವರು ಕಾಗದವನ್ನು ಮಡಚಿಟ್ಟರು.

ಅವರು ಹೋದ ಮೇಲೂ ಒಂದು ವರ್ಷ ಪುಟವನ್ನು ಉಳಿಸಿಕೊಂಡೆ. ದಿನಾ ಬೆಳಿಗ್ಗೆ ನಾನೇ ಒಂದು ಪರೀಕ್ಷೆಯ ಸಂದೇಶ ಕಳಿಸುತ್ತಿದ್ದೆ. ಅದೊಂದೇ ಬರುತ್ತಿತ್ತು.