ಮಾಳಿಗೆ ಮೇಲಿನ ಕೋಣೆಗೆ ಯಾವ ಹಲಗೆ

ಅಣ್ಣ ಎರಡು ಹಲಗೆ ತುಂಡುಗಳನ್ನು ತಂದು ಪಡಸಾಲೆಯ ಗೋಡೆಗೆ ಒರಗಿಸಿ ನಿಲ್ಲಿಸಿದ. "ಯಾವುದು ಬೇಕು ಹೇಳು. ನಿನ್ನ ರೂಮು, ನೀನ ಆರಿಸು" ಅಂದ. ಚಹಾ ಕುಡಿಯುವುದರೊಳಗೆ ಮುಗಿಯುವ ಮಾತು. ನಾನು ಅದಕ್ಕೆ ಒಂದು ಮಳೆಗಾಲವನ್ನೇ ತೆಗೆದುಕೊಂಡೆ.

ಆಗ ನಾನು ಹರಪನಹಳ್ಳಿಯ ಗಂಡನ ಮನೆ ಬಿಟ್ಟು ಕೊಟ್ಟೂರಿನ ತವರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ದೊಡ್ಡ ಜಗಳವೇನೂ ನಡೆದಿರಲಿಲ್ಲ. ಮಕ್ಕಳಾಗಲಿಲ್ಲ, ಬರಬರುತ್ತ ಮಾತೂ ನಿಂತಿತು. ಒಂದೇ ಮನೆಯಲ್ಲಿ ಇಬ್ಬರೂ ಬಾಡಿಗೆಯವರಂತೆ ಇದ್ದು ಸಾಕಾಗಿತ್ತು. ಒಂದು ಬೆಳಿಗ್ಗೆ "ನಾನು ಹೋಗ್ತೀನಿ" ಅಂದೆ, ಅವರು ಪೇಪರ್ ಮಡಚಿ "ಹ್ಞೂಂ" ಅಂದರು. ಐವತ್ತರ ಹತ್ತಿರದ ಹೆಂಗಸು ಸೂಟ್‌ಕೇಸು ಹಿಡಿದು ತವರಿನ ಬಾಗಿಲಲ್ಲಿ ನಿಂತರೆ ಮನೆಯವರಾದರೂ ಏನು ಕೇಳಬೇಕು? ಅಣ್ಣ ಸೂಟ್‌ಕೇಸು ತೆಗೆದುಕೊಂಡು ಒಳಗಿಟ್ಟ. ಅತ್ತಿಗೆ ಇನ್ನೊಂದು ರೊಟ್ಟಿ ತಟ್ಟಿದಳು. ಕೆಲವು ದಿನ ಬಿಟ್ಟು ಅಣ್ಣ, ಮಾಳಿಗೆ ಮೇಲೆ ನಿನಗೊಂದು ಕೋಣೆ ಮಾಡಿಸುತ್ತೇನೆ, ಹರಪನಹಳ್ಳಿಯಲ್ಲಿರುವ ಹೊಲಿಗೆ ಮಷಿನ್ ತಂದು ಇಟ್ಟುಕೋ, ಇಲ್ಲಿಯೂ ಜಂಪರು ಹೊಲಿಸುವವರು ಇದ್ದಾರೆ ಅಂದ.

ಬೇರೆ ಯಾರಾದರೂ ಆಗಿದ್ದರೆ ಖುಷಿಯಿಂದ ಕುಣಿಯುತ್ತಿದ್ದರು. ನನಗೆ ಅನುಮಾನ ಶುರುವಾಯಿತು. ಇವರು ಮನಸ್ಸಿನಿಂದ ಹೇಳುತ್ತಿದ್ದಾರೋ, ಮುಖದಾಕ್ಷಿಣ್ಯಕ್ಕೋ? ಈ ಮನೆಯಲ್ಲಿ ನನಗೆ ನಿಜವಾಗಿ ಜಾಗ ಇದೆಯೋ, ನಾಲ್ಕು ದಿನದ ಮರ್ಯಾದೆಯೋ? ಅದೊಂದು ಗೊತ್ತಾಗಿಬಿಟ್ಟರೆ ಸಾಕಿತ್ತು. ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ನಮ್ಮದು ಕಲ್ಲು ಮಣ್ಣಿನ ಹಳೇ ಗೋಡೆಯ ಮನೆ. ಮೇಲೆ ಇಟ್ಟಿಗೆ ಏರಿಸಿದರೆ ಕೆಳಗಿನದು ತಾಳುವುದಿಲ್ಲ ಅಂತ ನೋಡಿದವರೆಲ್ಲ ಹೇಳಿದರು. ಅದಕ್ಕೇ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಹೊರಗಡೆಯಿಂದ ಹಲಗೆ ಹೊದಿಸುವುದು ಅಂತಾಯಿತು. ಅದರಲ್ಲಿ ಎರಡು ಜಾತಿ. ಒಂದು, ಕಟ್ಟಿಗೆಯ ಚೂರಿಗೆ ಅಂಟು ಕಲಸಿ ಬಿಸಿಯಲ್ಲಿ ಒತ್ತಿ ಮಾಡಿದ್ದು. ಅಂಗಡಿಯವರು ಎಂಜಿನಿಯರ್ಡ್ ವುಡ್ ಅನ್ನುತ್ತಾರೆ. ಇನ್ನೊಂದು, ಸಿಮೆಂಟಿಗೆ ನಾರು ಬೆರೆಸಿ ಮಾಡಿದ ಬೋರ್ಡು. ಕಟ್ಟಿಗೆಯದು ಹಗುರ, ಮೈಮೇಲೆ ತೇಗದಂಥ ಗೆರೆ, ಕೈಯಿಟ್ಟರೆ ಬೆಚ್ಚಗೆ. ಸಿಮೆಂಟಿನದು ಇಟ್ಟಿಗೆಗಿಂತ ಹಗುರವಾದರೂ ಕೈಗೆ ಭಾರವೇ, ಬೂದಿ ಬಣ್ಣ, ನಗು ಗೊತ್ತಿಲ್ಲದ ಹೆಡ್‌ಮಾಸ್ತರರ ಮುಖ.

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ತಲೆಯಲ್ಲಿ ಏನಾದರೂ ಕೊರೆಯತೊಡಗಿದರೆ ಕಾಲು ತಾನಾಗಿ ನಡೆಯುತ್ತದೆ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮಾಳಿಗೆಗೆ, ಅಲ್ಲಿಂದ ಮತ್ತೆ ಕೆಳಗೆ. ಹೋಗುವಾಗೊಮ್ಮೆ ಬರುವಾಗೊಮ್ಮೆ ಆ ತುಂಡುಗಳನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡುತ್ತಿದ್ದೆ. ಅಣ್ಣ ಮೊಬೈಲಿನಿಂದ ತಲೆಯೆತ್ತಿ "ಏನ್ಲೇ, ಕಲ್ಲಂಗಡಿ ಆರಿಸಾಕತ್ತೀಯೇನು?" ಅಂತ ನಗುತ್ತಿದ್ದ.

ಹಡಗಲಿಯಲ್ಲಿ ಮಲ್ಲಿಗೆ ವ್ಯಾಪಾರದವರೊಬ್ಬರು ಕಟ್ಟಿಗೆ ಹಲಗೆಯ ಕೋಣೆ ಮಾಡಿಸಿದ್ದಾರೆ ಅಂತ ಯಾರೋ ಹೇಳಿದ್ದೇ ತಡ, ಬಸ್ಸು ಹತ್ತಿ ಹೋದೆ. ಗುರುತಿಲ್ಲ ಪರಿಚಯವಿಲ್ಲ. ಆ ಮನೆಯ ಯಜಮಾನತಿ ಮೊಗ್ಗಿನ ಗಂಟು ಬಿಚ್ಚಿಟ್ಟು ಕೂತಿದ್ದರು. ಪಾಪ, ಎದ್ದು ಬಂದು ಮೇಲೆ ಕರೆದುಕೊಂಡು ಹೋಗಿ ತೋರಿಸಿದರು.

"ಚಂದ ಐತ್ರಿ, ಬೇಸಿಗ್ಯಾಗ ಅಷ್ಟು ಕಾಯಂಗಿಲ್ಲ. ಆದ್ರ ಕೊಯ್ದ ಕಡಿಗೆಲ್ಲ ಬಣ್ಣ ಹಚ್ಚಿಸ್ರಿ. ನೀರು ಹೊಕ್ಕರ ಉಬ್ಬತೈತಿ" ಅಂದರು.

"ಮುಂದ ತಗೀಬೇಕಂದ್ರ ಬರತೈತೇನ್ರಿ?" ಅಂತ ಕೇಳಿದೆ.

ಅವರು ಸೊಂಟಕ್ಕೆ ಕೈಯಿಟ್ಟು ನಕ್ಕರು. "ಹಚ್ಚಾಕ ಮುಂಚೇನ ತಗಿಯೋದು ಕೇಳ್ತೀರಲ್ರಿ! ಬರತೈತಿ, ಸ್ಕ್ರೂ ಬಿಚ್ಚಿದ್ರ ಮುಗೀತು."

ನನ್ನ ಜೀವ ಅಲ್ಲಿ ತುಸು ನಿರಾಳವಾಯಿತು. ಬಿಚ್ಚಲು ಬರುತ್ತದೆ. ಅಣ್ಣ ಅತ್ತಿಗೆಗೆ ನಾನು ಸಾಕಾದ ದಿನ ಹಲಗೆ ಬಿಚ್ಚಿ ಮಾರಿಕೊಳ್ಳಬಹುದು, ಮಾಳಿಗೆ ಮೊದಲಿನ ಹಾಗೆ ಆಗುತ್ತದೆ, ಹಪ್ಪಳ ಒಣಗಿಸಬಹುದು. ಯಾರಿಗೂ ಹೊರೆಯಿಲ್ಲ. ಇಂಥ ಲೆಕ್ಕಾಚಾರ ಹಾಕಿ ಸಮಾಧಾನಪಡುವ ಹೆಂಗಸು ನಾನು.

ಆದರೂ ಸುಮ್ಮನೆ ಮನೆಗೆ ಬರಲಿಲ್ಲ. ದಾರಿಯಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಸಿಮೆಂಟ್ ಬೋರ್ಡಿನ ಅಂಗಡಿಗೂ ಹೋದೆ. ಅಂಗಡಿಯಾತ ಬೋರ್ಡಿನ ಮೇಲೆ ನೀರಿನ ಬಾಟಲಿಯನ್ನೇ ಸುರಿದು ತೋರಿಸಿದ. "ಮಳಿ ಬರ್ಲಿ, ಬಿಸ್ಲು ಬರ್ಲಿ, ಗೆದ್ದಲು ಬರ್ಲಿ, ಇದಕ್ಕೇನೂ ಆಗಂಗಿಲ್ಲ ನೋಡ್ರಿ. ಮೂಲಿ ಬಡದು ಒಡೀಲಾರದಂಗ ಮ್ಯಾಲ ಏರಿಸಬೇಕು, ಅಷ್ಟ." ತೆಗೆಯುವ ಮಾತು ಎತ್ತಿದೆ. "ತಗಿಯಾಕ ಹೋದ್ರ ಒಡೀತೈತಿ. ಸಂದಿಗೆಲ್ಲ ಪುಟ್ಟಿ ಮೆತ್ತಿ ಬಣ್ಣ ಹೊಡದಿರ್ತೀವಲ್ರಿ. ಹಚ್ಚಿದ್ದು ಹಚ್ಚಿದ್ದ" ಅಂದ. ಹಚ್ಚಿದ್ದು ಹಚ್ಚಿದ್ದೇ. ಬಸ್ಸಿನಲ್ಲಿ ಕೊಟ್ಟೂರು ಮುಟ್ಟುವವರೆಗೂ ಅದೇ ಮಾತು ತಲೆ ತಿಂದಿತು.

ಮನೆಗೆ ಬಂದು "ಇನ್ನೊಂದೆರಡು ಕಡೆ ನೋಡ್ತೀನಿ" ಅಂದೆ. ಅಣ್ಣ ತಲೆಯಾಡಿಸಿದ. ಮಾಳಿಗೆ ಮೇಲೆ ಬರೀ ಕಬ್ಬಿಣದ ಚೌಕಟ್ಟು ನಿಂತು ಮಳೆಯಲ್ಲಿ ತೋಯುತ್ತಿತ್ತು. ಓಣಿಯ ಹೆಂಗಸರು ತಲೆಯೆತ್ತಿ ನೋಡಿ, "ಏನಬೇ, ಇದು ರೂಮೋ ಪೆಂಡಾಲೋ?" ಅಂತ ಚೇಷ್ಟೆ ಮಾಡಿದರು. ಚೌಕಟ್ಟು ನಿಲ್ಲಿಸಿ ಹೋಗಿದ್ದ ತಂಬ್ರಹಳ್ಳಿಯ ಮಿಸ್ತ್ರಿ, ಯಾವ ಹಲಗೆ ಅಂತ ಫೋನು ಮಾಡಿ ಮಾಡಿ ಸುಮ್ಮನಾದ. ಹಲಗೆಯ ಮಾತನ್ನು ಅಣ್ಣನೂ ಎತ್ತುವುದು ಬಿಟ್ಟ. ನಾನು ತುಂಡು ಕುಟ್ಟುತ್ತಿದ್ದರೆ ನಗುವುದನ್ನೂ ಬಿಟ್ಟ. ಊಟಕ್ಕೆ ಕೂತರೆ ತಟ್ಟೆ ನೋಡುತ್ತ ಉಂಡು ಎದ್ದು ಹೋಗುತ್ತಿದ್ದ. ಬಂತಲ್ಲ, ಬೇಸರ ಬಂತಲ್ಲ ಇವನಿಗೆ ಅಂದುಕೊಂಡೆ. ಹೊರಡಬೇಕಾದರೆ ಎಲ್ಲಿಗೆ ಅಂತ ಯೋಚಿಸತೊಡಗಿದೆ. ಕೂಡ್ಲಿಗಿಯಲ್ಲಿ ಒಬ್ಬಂಟಿ ಹೆಂಗಸಿಗೆ ಬಾಡಿಗೆ ಮನೆ ಕೊಡುತ್ತಾರೆಯೇ ಅಂತ ಒಬ್ಬರನ್ನು ವಿಚಾರಿಸಿಯೂ ಬಂದೆ.

ಅಷ್ಟರಲ್ಲಿ ಮಹಾನವಮಿ ಹತ್ತಿರ ಬಂತು. ನಮ್ಮ ಕಡೆ ಆ ಹಬ್ಬಕ್ಕೆ ಮುಂಚೆ ಮನೆಯಲ್ಲಿ ಇರುವುದೆಲ್ಲ ನೀರು ಕಾಣಬೇಕು. ಕೌದಿ, ಕಂಬಳಿ, ಅಟ್ಟದ ಮೇಲಿನ ಹಿತ್ತಾಳೆ, ಬಾಗಿಲು, ಕಿಟಕಿ, ಕೊನೆಗೆ ಗೋಡೆಗೆ ಸುಣ್ಣ. ಅತ್ತಿಗೆ ಆ ವಾರ ಮನುಷ್ಯಳಾಗಿರುವುದಿಲ್ಲ. ಅಲುಗಾಡದೆ ಕೂತಿದ್ದರೆ ನಮ್ಮನ್ನೂ ಉಜ್ಜಿ ತೊಳೆದುಬಿಡುತ್ತಾಳೆ. ಪಡಸಾಲೆಯಲ್ಲಿ ಕಂಡದ್ದನ್ನೆಲ್ಲ ಬಾಚಿಕೊಂಡು ಹೋದವಳು ನನ್ನ ಎರಡು ಹಲಗೆ ತುಂಡುಗಳನ್ನೂ ಒಯ್ದು, ಪಾತ್ರೆಗಳ ಜೊತೆ ಬಾನಿಯಲ್ಲಿ ನೆನೆಹಾಕಿ, ಸೋಪಿನ ಪುಡಿ ಹಾಕಿ ಉಜ್ಜಿ, ಹಿತ್ತಲಲ್ಲಿ ನೀರಿಳಿಯುವ ಕೌದಿಗಳ ಕೆಳಗೆ ಬೋರಲು ಹಾಕಿದ್ದಳು.

ಮರುದಿನ ನಾನು ನೋಡುವಾಗ ಸಿಮೆಂಟಿನದು ಸ್ವಚ್ಛವಾಗಿ ಕೂತಿತ್ತು. ಕಟ್ಟಿಗೆಯದರ ಅಂಚು ಊದಿ, ಪದರ ಬಿಚ್ಚಿ, ನೀರಿನಲ್ಲಿ ಬಿದ್ದ ಪುಸ್ತಕದ ಹಾಗಾಗಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅತ್ತಿಗೀ, ಇದು ಗೋಡಿಗಿ ಹಚ್ಚೋದು! ಯಾರರ ತೊಳೀತಾರೇನು?"

"ಗೋಡಿ ತೊಳಿಯಂಗಿಲ್ಲಂದ್ರ ಅದೆಂಥ ಗೋಡಿಯಬೇ?" ಅವಳು ಸುಣ್ಣದ ಕುಂಚ ಹಿಡಿದೇ ತಿರುಗಿದಳು. "ವರ್ಷಾ ಮಾನೌಮಿಗಿ ನಾ ಪೈಪು ಹಿಡದು ತೊಳಿಯಾಕಿನ. ನಿನ್ನ ರೂಮು ಅಂತ ಬಿಡಾಕಿ ಅಲ್ಲ ನಾನು. ಸಿಮೆಂಟಿಂದು ಹಚ್ಚಿಸು, ನಡಿ."

"ಅದನ್ನ ಆಮ್ಯಾಲ ತಗಿಯಾಕ ಬರಂಗಿಲ್ಲ."

"ಯಾಕ ತಗೀಬೇಕು?"

"ನಾ ಹೋದ್ರ ನಿಮಗ ತ್ರಾಸ ಅಲ್ಲೇನು?" ಬಾಯಿ ಜಾರಿ ಬಂದೇಬಿಟ್ಟಿತು. ಇಷ್ಟು ದಿನ ಅದುಮಿಟ್ಟದ್ದು ಹಿತ್ತಲಲ್ಲಿ, ಒದ್ದೆ ಕೌದಿಗಳ ನಡುವೆ.

ಅತ್ತಿಗೆ ಕುಂಚವನ್ನು ಬಕೆಟ್ಟಿಗೆ ಎಸೆದಳು. ಸುಣ್ಣ ಸಿಡಿದು ಇಬ್ಬರ ಸೀರೆಯೂ ಕೆಟ್ಟಿತು. "ಎಲ್ಲಿಗಿ ಹೋಗ್ತಿ? ಹೇಳು, ಎಲ್ಲಿಗಿ? ನೀ ಹಲಗಿ ಆರಿಸವಲ್ಲಿ ಅಂತ ನಿಮ್ಮಣ್ಣ ಒಳಗ ಕೊರಗಾಕತ್ತಾನ. ತಂಗಿಗಿ ಇಲ್ಲಿ ಇರಾಕ ಮನಸಿಲ್ಲ, ಮತ್ತ ಹರಪನಹಳ್ಳಿಗಿ ಹೋಗ್ತಾಳ, ಅದಕ್ಕ ದಿನಾ ದೂಡಾಕತ್ಯಾಳ ಅಂತಾನ. ನಿನ್ನ ಕೇಳಾಕ ಅವಗ ಬಾಯಿಲ್ಲ, ಹೇಳಾಕ ನಿನಗ ಬಾಯಿಲ್ಲ. ನಡುವ ನಾ ಇಬ್ಬರಿಗೂ ರೊಟ್ಟಿ ತಟ್ಟಬೇಕು!"

ನಾನು ಒಗೆಯುವ ಕಲ್ಲಿನ ಮೇಲೆ ಕೂತೆ. ಅಣ್ಣನ ಮೌನವನ್ನು ನಾನು ಓದಿದ್ದು ಪೂರ್ತಿ ತಿರುವುಮುರುವು. ಅತ್ತಿಗೆ ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. ಕೌದಿಯ ಒಂದು ತುದಿ ನನ್ನ ಕೈಗೆ ಕೊಟ್ಟು, "ಹಿಂಡು" ಅಂದಳು. ಇಬ್ಬರೂ ಸೇರಿ ಹಿಂಡಿದೆವು.

ಸಂಜೆ ಅಣ್ಣನಿಗೆ "ಸಿಮೆಂಟಿಂದ ಹಚ್ಚಿಸು" ಅಂದೆ. ಅವನು "ಖರೇನ?" ಅಂದ. "ಖರೇನ" ಅಂದೆ. ನಾನು ಮತ್ತೆ ಮನಸ್ಸು ಬದಲಿಸುತ್ತೇನೆ ಅನ್ನುವ ಭಯಕ್ಕೋ ಏನೋ, ಅಲ್ಲೇ ನಿಂತು ಮಿಸ್ತ್ರಿಗೆ ಫೋನು ಹಚ್ಚಿದ. ಹಬ್ಬ ಕಳೆದ ಮೇಲೆ ಕೆಲಸ ನಡೆಯಿತು. ಬೋರ್ಡು ಕೊಯ್ಯುವಾಗ ಎದ್ದ ಧೂಳಿಗೆ ಓಣಿಯವರೆಲ್ಲ ಮೂಗು ಮುಚ್ಚಿಕೊಂಡು ನನಗೇ ಬೈದರು. ಹೊರಗೆ ತಿಳಿ ಹಳದಿ ಬಣ್ಣ ಹೊಡೆಸಿದೆ. ಬಣ್ಣ ಆರಿಸಲು ಮಾತ್ರ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಕೋಣೆ ಮುಗಿದ ಮೇಲೆ ಹೊಲಿಗೆ ಮಷಿನ್ ತರಲು ಹರಪನಹಳ್ಳಿಗೆ ಹೊರಟೆ. ನಮ್ಮಲ್ಲಿ ಹೆಣ್ಣುಮಗಳು ತವರಿನಿಂದ ಗಂಡನ ಊರಿಗೆ ಹೊರಟರೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಬಸದ ಬಟ್ಟೆ ಸೆರಗಿಗೆ ಹಾಕಿ ಉಡಿ ತುಂಬಿಯೇ ಕಳಿಸುತ್ತಾರೆ. ಮದುವೆಯಾದಾಗಿನಿಂದ ಮೊದಲು ಅವ್ವ, ಅವಳು ಹೋದ ಮೇಲೆ ಅತ್ತಿಗೆ, ಒಮ್ಮೆಯೂ ತಪ್ಪಿಸಿದವರಲ್ಲ. ಆವತ್ತೂ ನಾನು ಅಭ್ಯಾಸಬಲದಿಂದ ದೇವರಿಗೆ ಕೈಮುಗಿದು ಪಡಸಾಲೆಯಲ್ಲಿ ಸೆರಗು ಚಾಚಿ ನಿಂತೆ. ಅತ್ತಿಗೆ ಬರಲಿಲ್ಲ. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಮರೆತಳೇ? ಏನಾದರೂ ಮನಸ್ಸಿಗೆ ಹಚ್ಚಿಕೊಂಡಳೇ? "ಅತ್ತಿಗೀ, ನಾ ಹೊಂಟೆ" ಅಂತ ಕೂಗಿದೆ.

ಅವಳು ಒದ್ದೆ ಕೈಯಲ್ಲೇ ಹೊರಗೆ ಬಂದು, ಚಾಚಿದ ನನ್ನ ಸೆರಗು ನೋಡಿದಳು, ಮುಖ ನೋಡಿದಳು.

"ಅದನ್ಯಾಕ ಹಿಡಕಂಡು ನಿಂತಿಯಬೇ? ಸಂಜಿಗಿ ಮನಿಗಿ ಬರಾಕಿ ನೀ. ಬರುವಾಗ ಕೊತ್ತಂಬ್ರಿ ತಗಂಡು ಬಾ, ಒಂದೆಳಿನೂ ಇಲ್ಲ."

ಅಷ್ಟು ವರ್ಷ ತುಂಬಿಸಿಕೊಂಡ ಯಾವ ಉಡಿಯೂ ನನಗೆ ಅಂಥ ಸಂತೋಷ ಕೊಟ್ಟಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋಗಿ, ಗೂಟದಲ್ಲಿದ್ದ ಸಂತೆ ಚೀಲ ತೆಗೆದುಕೊಂಡೆ.