ಗಾಳಿ ಸೋಕದ ಬಚ್ಚಲು

ನಮ್ಮ ಹಳೇಕೋಟೆಯ ಸುತ್ತಮುತ್ತ ಬಾಣಂತಿಗೆ ನೀರು ಹಾಕುವುದೆಂದರೆ ಬೆಳ್ಳಮ್ಮನೇ ಆಗಬೇಕು. ನನ್ನ ಇಬ್ಬರು ಮಕ್ಕಳನ್ನೂ ಕಾಲ ಮೇಲೆ ಮಲಗಿಸಿಕೊಂಡು, ತಿಕ್ಕಿ ತೀಡಿ ನೆಟ್ಟಗೆ ಮಾಡಿದ್ದು ಅವಳೇ. ಚಪ್ಪಟೆ ಮೂಗಿನ ನನ್ನ ಮಗಳಿಗೆ ಇವತ್ತು ಮೂಗು ಅಂತ ಒಂದಿದ್ದರೆ ಅದು ಬೆಳ್ಳಮ್ಮನ ಹೆಬ್ಬೆರಳಿನ ಕೃಪೆ ಎಂದು ನಾನು ಈಗಲೂ ನಂಬಿದ್ದೇನೆ. ಮಗಳು ನಗುತ್ತಾಳೆ, ನಗಲಿ. ಗಂಡ ಮಾದಯ್ಯ ತೀರಿಕೊಂಡ ಮೇಲೆ ಒಂದೆರಡು ಎಮ್ಮೆ, ಸ್ವಲ್ಪ ರಾಗಿ ಹೊಲ, ಮತ್ತೆ ಈ ಕೈಗುಣ, ಇಷ್ಟರಲ್ಲೇ ಬದುಕಿದ ಹೆಂಗಸು. ಇಷ್ಟು ಕೊಡಿ ಎಂದು ಯಾರ ಮನೆಯಲ್ಲೂ ಬಾಯಿಬಿಟ್ಟವಳಲ್ಲ.

ಅವಳಿಗೆ ಜೀವನದಲ್ಲಿ ಇದ್ದ ವೈರಿ ಒಂದೇ, ಗಾಳಿ. ಅವಳ ಬೆನ್ನಿಗೆ ಹುಟ್ಟಿದ ತಂಗಿ ಹೆರಿಗೆಯಾದ ವಾರದಲ್ಲೇ ಚಳಿ ಜ್ವರ ಬಂದು, ಏನೇನೋ ಬಡಬಡಿಸುತ್ತ ಸತ್ತಳಂತೆ. "ಬಾಣಂತಿಗೆ ಗಾಳಿ ಸೋಕಬಾರ್ದು ಕಣವ್ವ. ಸೋಕ್ತೋ, ಸನ್ನಿ ಇಡೀತದೆ. ಆಮ್ಯಾಕೆ ಯಾರ್ ಬಂದ್ರೂ ಆಗಾಕಿಲ್ಲ" ಎನ್ನುವಾಗ ಅವಳ ಮುಖ ಬೇರೆಯೇ ಆಗುತ್ತಿತ್ತು. ಇದು ಚೆನ್ನಾಗಿ ಮುಗಿಯುವ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬಂದದ್ದೆಲ್ಲ ಆ ಮಾತಿನಿಂದಲೇ ಬಂತು.

ನಮ್ಮ ಪಕ್ಕದ ಮನೆ ಮನೋಹರ ಹೊಳೆನರಸೀಪುರದ ಆಫೀಸೊಂದರಲ್ಲಿ ಗುಮಾಸ್ತ. ಹೆಂಡತಿ ಭಾನುಪ್ರಿಯಾ ತಾಯಿಯಿಲ್ಲದ ಹುಡುಗಿ, ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ ಎಂದು ತೀರ್ಮಾನವಾಗಿತ್ತು. ಅವರ ಹಳೆ ಬಚ್ಚಲುಮನೆ ಒಡೆದು ಹೊಸದು ಕಟ್ಟಿಸಿದ್ದರು. ಹಳೆಯದರಲ್ಲಿ ಹಂಡೆ ಒಲೆಯಿತ್ತು, ನಾಡಹೆಂಚಿನ ಸಂದಿಯಲ್ಲಿ ಹೊಗೆಯೆಲ್ಲ ಆಚೆ ಹೋಗುತ್ತಿತ್ತು. ಹೊಸದಕ್ಕೆ ಸೂರಿನವರೆಗೂ ಟೈಲ್ಸು, ಗಟ್ಟಿ ಬಾಗಿಲು, ಮೇಲೊಂದು ಅಂಗೈಯಗಲದ ಕಿಂಡಿ. ಎಲ್ಲರೂ ಗ್ಯಾಸ್ ಗೀಸರ್ ಹಾಕಿಸು ಅಂದರು. ಮನೋಹರ ಒಪ್ಪಲಿಲ್ಲ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದು ಉಸಿರುಗಟ್ಟಿ ಸತ್ತವರ ಸುದ್ದಿಯನ್ನು ಅವನು ಪೇಪರಿನಲ್ಲಿ ಓದಿದ್ದ. "ಬೆಂಕಿನೇ ಬ್ಯಾಡ ಅಕ್ಕ ನಮ್ಮನೇಲಿ. ಹೀಟ್ ಪಂಪ್ ಆಕುಸ್ತೀನಿ" ಎಂದು ನನಗೆ ಹೇಳಿದ. ಹುಟ್ಟುವ ಮಗುವಿಗಾಗಿ ಅಷ್ಟು ಯೋಚಿಸಿದ ಗಂಡಸನ್ನು ನಾನು ನಮ್ಮ ಬೀದಿಯಲ್ಲಿ ಬೇರೆ ಕಂಡಿಲ್ಲ.

ಮಾಗಿಯ ಚಳಿ ಶುರುವಾಗುವ ಹೊತ್ತಿಗೆ ಹಾಸನದಿಂದ ಸುನೀಲ್‌ಕುಮಾರ್ ಎಂಬ ಫಿಟ್ಟರ್ ಬಂದು ಅದನ್ನು ಕೂರಿಸಿದ. ಒಳಗೆ ಉದ್ದನೆಯ ನೀರಿನ ಟ್ಯಾಂಕು, ಹೊರಗೆ ಹಿತ್ತಲ ಗೋಡೆಗೆ ಫ್ಯಾನಿರುವ ಒಂದು ಡಬ್ಬ. ಪೈಪು ಗಿಡ್ಡವಾಗಿದ್ದರಿಂದ ಡಬ್ಬ ಕಿಂಡಿಯ ಕೆಳಗೇ ಬಂತು. ನೋಡಲು ಬಂದವರನ್ನೆಲ್ಲ ಮನೋಹರ ಹಿತ್ತಲಿಗೆ ಎಳೆದುಕೊಂಡು ಹೋಗಿ ತೋರಿಸುತ್ತಿದ್ದ, ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ.

"ಇದು ಗಾಳೀಲಿರೋ ಬಿಸೀನ ಎಳ್ಕಂಡು ನೀರಿಗೆ ಕೊಡ್ತದೆ, ತಣ್ಣಗಾದ ಗಾಳೀನ ಆಚೆ ಊದ್ತದೆ, ಅಷ್ಟೇಯ" ಎಂದ ಸುನೀಲ್‌ಕುಮಾರ್.

ಮನೋಹರನ ತಾಯಿ ದೊಡ್ಡಮ್ಮ ಅದರ ಮುಂದೆ ಕೈ ಹಿಡಿದು ನೋಡಿದಳು. ನಾನೂ ಹಿಡಿದೆ. ಮೊದಲೇ ಚಳಿ, ಅದರ ಮೇಲೆ ಬಾವಿಯೊಳಗಿಂದ ಬಂದಂಥ ಗಾಳಿ. ದೊಡ್ಡಮ್ಮ ಕೈ ಸೆರಗಿಗೆ ಒರೆಸಿಕೊಂಡು, "ಬಾಣಂತಿ ಬರೋ ಮನೇಗೆ ಎಂಥದ್ನ ತಂದ್ಯಪ್ಪಾ" ಅಂದಳು. ಮನೋಹರ ನಕ್ಕ.

ಗಂಡುಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದ ಮೊದಲ ವಾರವೇ ಬೆಳ್ಳಮ್ಮ ನೀರು ಹಾಕಲು ಬಂದಳು. ಟ್ಯಾಂಕಿನ ನೀರಿಗೆ ಕೈಯಿಟ್ಟು, "ನೀರೇನೋ ಬಿಸಿ ಐತೆ. ಬಚ್ಚಲೇ ಬಿಸಿ ಇಲ್ವಲ್ಲ" ಎಂದಳು. ನಿಜ. ಮೊದಲಾದರೆ ಒಲೆಯ ಕಾವಿಗೆ ಬಚ್ಚಲೇ ಬೆಚ್ಚಗಿರುತ್ತಿತ್ತು. ಈಗ ಬರೀ ಟೈಲ್ಸು, ಮೇಲಿಂದ ಕಿಂಡಿಯಲ್ಲಿ ಮಿಷಿನ್ನಿನ ತಣ್ಣನೆ ಗಾಳಿ. ಎಣ್ಣೆ ಹಚ್ಚಿಸಿಕೊಂಡು ಕೂತ ಭಾನುಪ್ರಿಯಾಗೆ ಹಲ್ಲು ಕಟಕಟ ಅಂದಿತು. ಮಾರನೆಯ ದಿನ ದೊಡ್ಡಮ್ಮ ಹಳೆ ಸೀರೆ ತುಂಡು ಸುತ್ತಿ ಕಿಂಡಿಗೆ ತುರುಕಿದಳು. ಬೆಳ್ಳಮ್ಮ ಒಂದು ಬಾಂಡ್ಲಿಯಲ್ಲಿ ಇದ್ದಲು ಕೆಂಡ ಮಾಡಿ, ಸಾಂಬ್ರಾಣಿ ಚೆಲ್ಲಿ ಮೂಲೆಗಿಟ್ಟಳು. ಮನೋಹರ ಆಫೀಸಿಗೆ ಹೋದ ಮೇಲೆ ನಡೆಯುತ್ತಿದ್ದ ಕೆಲಸ, ಅವನಿಗೆ ಇದು ಕಾಣಲಿಲ್ಲ. ಹೆಂಗಸರ ವಿಷಯ ಎಂದು ಯಾರೂ ಹೇಳಲೂ ಇಲ್ಲ.

ಭಾನುಪ್ರಿಯಾಗೆ ತಲೆನೋವು ಶುರುವಾಯಿತು. ಸ್ನಾನ ಮುಗಿಸಿ ಮಂಚಕ್ಕೆ ಬಂದರೆ ತಲೆ ಸಿಡಿತ, ಹೊಟ್ಟೆ ತೊಳಸು. ಸಂಜೆಗೆ ಸರಿಹೋಗುತ್ತಿತ್ತು. ನಾನು ಒಂದು ದಿನ ಮಾತಾಡಿಸಲು ಹೋದಾಗ ಗೋಡೆಗೆ ಒರಗಿ ಕೂತಿದ್ದಳು, ತುಟಿ ಒಣಗಿತ್ತು. "ಡಾಕ್ಟ್ರಿಗೆ ತೋರ್ಸ್ಬಾರ್ದಾ?" ಅಂದೆ.

"ಗಾಳಿ ಸೋಕೈತೆ ಕಣ್ರೀ, ಡಾಕ್ಟ್ರೇನ್ ಮಾಡ್ತಾನೆ" ಎಂದು ದೊಡ್ಡಮ್ಮ ನನ್ನ ಬಾಯಿ ಮುಚ್ಚಿಸಿದಳು.

ಬೆಳ್ಳಮ್ಮ ಬಚ್ಚಲನ್ನು ಮೂಲೆ ಮೂಲೆ ಹುಡುಕಿದಳು. ಗಾಳಿ ಎಲ್ಲಿಂದಲೋ ನುಸುಳುತ್ತಿದೆ ಎಂದು ಅವಳಿಗೆ ಖಾತ್ರಿ. ಬಾಗಿಲ ಕೆಳಗಿನ ಸಂದಿ ಸಿಕ್ಕಿತು. ಅಲ್ಲಿಗೆ ಗೋಣಿಚೀಲ ಬಂತು, ಬಾಂಡ್ಲಿಯಲ್ಲಿ ಕೆಂಡ ಹೆಚ್ಚಿತು. ತಲೆನೋವು ಇನ್ನೂ ಜೋರಾಯಿತು. ಜೋರಾದಷ್ಟೂ ಇವರು ಮುಚ್ಚುತ್ತಲೇ ಹೋದರು. ಆ ದಿನಗಳಲ್ಲಿ ಬೆಳ್ಳಮ್ಮನೂ ನಮ್ಮ ಜಗಲಿಯಲ್ಲಿ ಬಂದು ಕೂತು ಹಣೆ ಒತ್ತಿಕೊಳ್ಳುತ್ತಿದ್ದಳು. "ನಂಗೂ ವಯಸ್ಸಾಯ್ತು, ತಲೆ ಗಿರ್ ಅಂತದೆ" ಎನ್ನುತ್ತಿದ್ದಳು. ನಾನು ಕಾಫಿ ಕೊಟ್ಟು ಕಳಿಸುತ್ತಿದ್ದೆ.

ಆ ದಿನ ನಾನೂ ದೊಡ್ಡಮ್ಮನೂ ಅವರ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಬೆಳ್ಳಮ್ಮ ಮೊದಲು ಮಗುವಿಗೆ ನೀರು ಹಾಕಿ, ಬಟ್ಟೆಯಲ್ಲಿ ಸುತ್ತಿ, ಬಾಗಿಲನ್ನು ಒಂದಿಷ್ಟೇ ತೆರೆದು ದೊಡ್ಡಮ್ಮನ ಕೈಗೆ ಕೊಟ್ಟಳು. ಅವಳ ಮುಖ ಕೆಂಪಗಿತ್ತು. ಒಳಗಿಂದ ಚಿಲಕ ಹಾಕಿ, ಗೋಣಿಯನ್ನು ಸಂದಿಗೆ ಒತ್ತಿದ್ದು ಕೇಳಿಸಿತು. ಆಮೇಲೆ ಚೊಂಬಿನಿಂದ ನೀರು ಹೊಯ್ಯುವ ಸದ್ದು. ಮಿಷಿನ್ನು ಗುಂಯ್ ಎನ್ನುತ್ತಿತ್ತು. ಮಗು ದೊಡ್ಡಮ್ಮನ ತೊಡೆಯ ಮೇಲೆ ನಿದ್ದೆಹೋಯಿತು.

ನೀರಿನ ಸದ್ದು ನಿಂತದ್ದು ಯಾವಾಗ ಎಂದು ನನಗೆ ತಿಳಿಯಲಿಲ್ಲ. ನಿಂತಿದೆ ಅಂತ ತಿಳಿದಾಗ ನನ್ನ ಕೈ ನಿಂತಿತು.

"ಏನಿದು, ಮಾತೇ ಇಲ್ಲ ಒಳಗೆ?" ಅಂದೆ.

"ಬೆವ್ರೋಕೆ ಕೂರ್ಸಿರ್ತಾಳೆ ಬುಡಿ."

ಇನ್ನೂ ಸ್ವಲ್ಪ ಹೊತ್ತು ಸುಲಿದೆವು. ನನಗೆ ತಡೆಯಲಾಗದೆ ಎದ್ದು ಬಾಗಿಲು ಬಡಿದೆ. ದೊಡ್ಡಮ್ಮ ಕೂತಲ್ಲಿಂದಲೇ ಕೂಗಿದಳು, "ತೆಗುಸ್‌ಬ್ಯಾಡಿ ಕಣ್ರೀ! ಒದ್ದೆ ಮೈಲವ್ಳೆ, ಗಾಳಿ ಸೋಕ್ತದೆ!" ನಾನು ಅವಳ ಮಾತು ಕೇಳದೆ ಮತ್ತೆ ಬಡಿದೆ, ಭಾನು, ಭಾನು ಎಂದು ಕಿರುಚಿದೆ. ಆಗ ದೊಡ್ಡಮ್ಮನೂ ಎದ್ದಳು. ದನಕ್ಕೆ ಹುಲ್ಲು ಹಾಕುತ್ತಿದ್ದ ಅವಳ ಗಂಡ ಚೆನ್ನಯ್ಯ ಓಡಿ ಬಂದು ಹಾರೆಯಿಂದ ಮೀಟಿ ಚಿಲಕ ಕಿತ್ತ. ಬಾಗಿಲು ಸುಲಭಕ್ಕೆ ತೆರೆಯಲಿಲ್ಲ, ಹಿಂದೆ ಬೆಳ್ಳಮ್ಮ ಬಿದ್ದಿದ್ದಳು. ಭಾನುಪ್ರಿಯಾ ಮೂಲೆಯಲ್ಲಿ, ಬಾಂಡ್ಲಿಯ ಪಕ್ಕದಲ್ಲಿ, ಮಣೆಯ ಮೇಲೆ ಕೂತ ಹಾಗೇ ಗೋಡೆಗೆ ವಾಲಿದ್ದಳು. ಕೆನ್ನೆ ಕೆಂಪಗೆ, ನಿದ್ದೆ ಮಾಡುತ್ತಿರುವ ಮಗುವಿನ ಹಾಗಿದ್ದಳು. ಆ ಬಣ್ಣ ನೋಡಿ ನನಗೆ ಒಂದು ಕ್ಷಣ ಜೀವ ಬಂತು. ಹುಡುಗಿ ಬದುಕಿದ್ದಾಳೆ ಅಂದುಕೊಂಡೆ.

ಇರಲಿಲ್ಲ. ಹೊಳೆನರಸೀಪುರಕ್ಕೆ ಒಯ್ದರೂ, ಬಾಗಿಲು ಮೀಟುವ ಮೊದಲೇ ಜೀವ ಹೋಗಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು. ಬೀಳುವಾಗ ಗೋಣಿ ಸರಿದು, ಬಾಗಿಲ ಸಂದಿಗೆ ಮುಖವಿಟ್ಟು ಬಿದ್ದಿದ್ದರಿಂದ ಬೆಳ್ಳಮ್ಮ ಉಳಿದಳು. ಅವಳಿಗೆ ಹಾಸನದಲ್ಲಿ ಆಕ್ಸಿಜನ್ ಕೊಟ್ಟರು. ಎಚ್ಚರವಾದ ಮೇಲೆ ಅಲ್ಲಿನ ಡಾಕ್ಟರಮ್ಮ ಪಕ್ಕದಲ್ಲಿ ಕೂತು ವಿವರಿಸಿದರಂತೆ, ಇದ್ದಲು ಉರಿದು ಬರುವ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಆ ತಲೆನೋವೆಲ್ಲ ಅದರದ್ದೇ, ಕಿಂಡಿ ತೆರೆದಿದ್ದರೆ ಸಾಕಿತ್ತು ಎಂದು. ಬೆಳ್ಳಮ್ಮ ಎಲ್ಲ ಕೇಳಿ, ಗೋಡೆ ಕಡೆ ಹೊರಳಿ ಮಲಗಿದಳಂತೆ.

ಊರಿಗೆ ಇದ್ಯಾವುದೂ ಬೇಕಿರಲಿಲ್ಲ. ಶೀತದ ಮಿಷಿನ್ನು ಬಾಣಂತಿಯನ್ನು ನುಂಗಿತು ಎಂದೇ ಮಾತಾಯಿತು. ಊರ ಬಾಯಿಗೆ ಹೊಲಿಗೆ ಹಾಕಲಾಗುತ್ತದೆಯೇ? ದೊಡ್ಡಮ್ಮ ಬಂದವರ ಮುಂದೆಲ್ಲ ಅದನ್ನೇ ಹೇಳಿಕೊಂಡು ಎದೆ ಬಡಿದುಕೊಂಡಳು. ಆಸ್ಪತ್ರೆಯಲ್ಲಿ ಎಲ್ಲ ತಿಳಿದುಕೊಂಡು ಬಂದಿದ್ದ ಮನೋಹರ ತಾಯಿಯನ್ನು ಒಂದು ಮಾತೂ ಕೇಳಲಿಲ್ಲ. ಏನಂತ ಕೇಳುತ್ತಾನೆ? ಒಂದು ದಿನ ಆ ಡಬ್ಬವನ್ನು ತಾನೇ ಗೋಡೆಯಿಂದ ಕಿತ್ತು ಕೊಟ್ಟಿಗೆಗೆ ಹಾಕಿದ. ಅವನ ಮೇಲೆ ನನಗೆ ಸಿಟ್ಟೂ ಬಂತು, ಕರುಳೂ ಕಿತ್ತು ಬಂತು.

ತಾಯಿಯಿಲ್ಲದ ಮಗುವಿಗೆ ನೀರು ಹಾಕುವವರು ಬೇಕಲ್ಲ. ದೊಡ್ಡಮ್ಮ ಬೆಳ್ಳಮ್ಮನಿಗೇ ಹೇಳಿ ಕಳಿಸಿದಳು. ತಪ್ಪು ಮಿಷಿನ್ನಿನದಾದ ಮೇಲೆ ಬೆಳ್ಳಮ್ಮನನ್ನು ಕರೆಯದಿರಲು ಕಾರಣವೇನು? ಅವಳು ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಮೈ ಅರ್ಧ ಇಳಿದುಹೋಗಿತ್ತು. ಬಚ್ಚಲಲ್ಲಿ ಕೂತು ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡಳು. ಸೌದೆ ಒಲೆಯಲ್ಲಿ ಕಾಯಿಸಿದ ನೀರನ್ನು ನಾನೇ ತಂದಿಟ್ಟೆ. ದೊಡ್ಡಮ್ಮ ಬಾಂಡ್ಲಿಯಲ್ಲಿ ಕೆಂಡ ಹಿಡಿದು ಬಂದಳು.

ಬೆಳ್ಳಮ್ಮ ಅದನ್ನು ನೋಡಿದಳು. "ಮಿಸಿನ್ ಅಲ್ಲ ಕಣವ್ವ" ಎಂದಳು. "ನಾವು. ನಾನೂ ನೀನೂವೆ."

ದೊಡ್ಡಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಂಗನ್ಬ್ಯಾಡ" ಎಂದಳು, ದನಿ ತೀರ ಸಣ್ಣಗೆ. "ಅಂಗನ್ಬ್ಯಾಡ ಬೆಳ್ಳಮ್ಮ. ನಾನ್ ಬದುಕ್ಬೇಕಲ್ಲ. ಮಿಸಿನ್ನೇ ಅನ್ನು." ಬಾಂಡ್ಲಿಯನ್ನು ಮೂಲೆಯಲ್ಲಿಟ್ಟು, ತಿರುಗಿ ಬಾಗಿಲು ಹಾಕಲು ಕೈ ಚಾಚಿದಳು.

ಬೆಳ್ಳಮ್ಮ ಕೈಯಲ್ಲಿದ್ದ ಬಿಸಿನೀರಿನ ಚೊಂಬನ್ನು ಹಾಗೇ ಕೆಂಡದ ಮೇಲೆ ಸುರಿದಳು. ಬಚ್ಚಲ ತುಂಬ ಬೂದಿ ಎದ್ದಿತು. "ಬಾಗ್ಲು ಮುಟ್ಟುದ್ರೆ ಮಗಾ ಎತ್ಕಂಡು ನಮ್ಮನೇಗ್ ಓಯ್ತೀನಿ" ಎಂದಳು, ಮಗುವನ್ನು ಎದೆಗೆ ಒತ್ತಿಕೊಂಡು. ದೊಡ್ಡಮ್ಮ ಹೊಸಿಲ ಮೇಲೆ ಕುಸಿದು ಕೂತಳು. ಹಿತ್ತಲ ಗಾಳಿ ಅವಳ ಪಕ್ಕದಿಂದಲೇ ಒಳಗೆ ಬಂದು ಮಗುವಿನ ಒದ್ದೆ ಮೈಗೆ ತಾಗಿತು. ಮಗು ಕೆಂಪಾಗುವಷ್ಟು ಅತ್ತಿತು, ಬೆಳ್ಳಮ್ಮ ನಡುಗುತ್ತಲೇ ನೀರು ಹೊಯ್ದಳು.