ಅಣ್ಣ ತಂದ ಮೆಣಸಿನ ಹಾಲು

ನಾಟಕ ಕಂಪನಿ ಸೇರಿದ ದಿನ ಅಮ್ಮ ನನಗೆ ಹೇಳಿದ ಬುದ್ಧಿ ಒಂದೇ. ಹಾಡುವವಳು ಯಾರ ಕೈಯಿಂದಲೂ ಏನನ್ನೂ ಇಸಿದುಕೊಂಡು ಕುಡಿಯಬಾರದು. ಆ ಕಾಲದಲ್ಲಿ ರಂಗದ ಮೇಲೆ ಹಾಡುವವರಿಗೆಲ್ಲ ಸಿಂಧೂರದ ಭಯವಿತ್ತು. ಆಗದವರು ಹಾಲಿನಲ್ಲೋ ವೀಳ್ಯದಲ್ಲೋ ಚಿಟಿಕೆ ಸಿಂಧೂರ ಸೇರಿಸಿ ಕೊಟ್ಟರೆ ಗಂಟಲು ಬಿದ್ದೇಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. ಹಾಗೆ ಯಾರಿಗೆ ಆಗಿತ್ತು ಎಂದು ಕೇಳಿದರೆ ಬೇರೆ ಊರಿನ, ಬೇರೆ ಕಂಪನಿಯ ಕಥೆ ಹೇಳುತ್ತಿದ್ದರು. ಕಣ್ಣಾರೆ ಕಂಡವರು ಒಬ್ಬರೂ ಸಿಗಲಿಲ್ಲ.

ನನಗಾಗ ಹದಿನೇಳು ವರ್ಷ. ನಮ್ಮದು ಆವತಿಯ ಪಕ್ಕದ ಹಳ್ಳಿ, ಒಕ್ಕಲುತನದ ಮನೆ. ಅಪ್ಪ ಭಜನೆ ಗುಂಪಿನಲ್ಲಿ ಹಾಡುತ್ತಿದ್ದರು, ನಾನು ಅವರ ಪಕ್ಕ ಕೂತೇ ಹಾಡು ಕಲಿತೆ. ಅಪ್ಪ ತೀರಿಕೊಂಡ ಮೇಲೆ ನಾನು ಕಂಪನಿ ಸೇರುತ್ತೇನೆಂದಾಗ ಚಿಕ್ಕಪ್ಪ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಅಮ್ಮ ಮಾತ್ರ ಪಾತ್ರೆಪಡಗ ಗಂಟು ಕಟ್ಟಿಕೊಂಡು ನನ್ನ ಜೊತೆ ಹೊರಟುಬಂದಳು. ಕಾವಲಿಗೆ ಎಂದು ಅವಳೇ ಹೇಳುತ್ತಿದ್ದಳು.

ಕಂಪನಿ ಆಗ ದೊಡ್ಡಬಳ್ಳಾಪುರದಲ್ಲಿ ಬಿಡಾರ ಹೂಡಿತ್ತು. ಯುದ್ಧದ ದಿನಗಳು. ಸೀಮೆಎಣ್ಣೆ ಸಿಗುತ್ತಿರಲಿಲ್ಲವಾದ್ದರಿಂದ ದೀಪ ಉಳಿಸಲು ಯಜಮಾನರು ಭಾನುವಾರದ ಆಟವನ್ನು ಮಧ್ಯಾಹ್ನಕ್ಕೇ ಇಟ್ಟಿದ್ದರು. ನಮಗೆ ನೇಕಾರರ ಬೀದಿಯಲ್ಲಿ ಒಂದು ಕೋಣೆ ಸಿಕ್ಕಿತ್ತು. ಗೋಡೆಯಾಚೆ ದಿನವಿಡೀ ಮಗ್ಗದ ಸದ್ದು.

ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಜನ ಕೇಳತೊಡಗಿದ್ದ ಕಾಲ ಅದು. ಅದಕ್ಕೇ ನನ್ನನ್ನು ಕರೆತಂದಿದ್ದರು. ಅಲ್ಲಿಯವರೆಗೆ ಹದಿನೈದು ವರ್ಷ ನಾಯಕಿಯ ಪಾತ್ರ ಕಟ್ಟಿದ್ದವರು ಒಬ್ಬ ಗಂಡಸು. ಕಂಪನಿಯಲ್ಲಿ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ನಲವತ್ತರ ಆಸುಪಾಸು, ತೆಳ್ಳನೆಯ ಮೈ, ಮೀಸೆ ಬಿಟ್ಟವರಲ್ಲ. ಅವರ ಪಾತ್ರಗಳನ್ನು ನನಗೆ ಕಲಿಸಿ, ಮುಂದೆ ಅವರು ತಾಯಿಯ ಪಾತ್ರಕ್ಕೆ ನಿಲ್ಲಬೇಕು ಎಂದು ಯಜಮಾನರು ಹೇಳಿದ್ದರು. ಅಣ್ಣ ಒಂದೂ ಮಾತಾಡದೆ ಒಪ್ಪಿಕೊಂಡರಂತೆ. ಅಮ್ಮನಿಗೆ ಮೊದಲ ಅನುಮಾನ ಹುಟ್ಟಿದ್ದು ಅಲ್ಲಿಯೇ.

ಅವರು ಕಲಿಸಿದ್ದು ಚೆನ್ನಾಗಿಯೇ ಕಲಿಸಿದರು. ನಿರಿಗೆ ಕಾಲಿಗೆ ತೊಡರದಂತೆ ತಿರುಗುವುದು, ಹಾಡು ಶುರುವಾಗುವ ಮೊದಲು ಕಣ್ಣನ್ನು ಎಲ್ಲಿ ನಿಲ್ಲಿಸಬೇಕು, ಹಿಂದಿನ ಸಾಲಿನ ಹೆಂಗಸಿಗೂ ಅಕ್ಷರ ಕೇಳಿಸುವಂತೆ ಬಾಯಿ ಹೇಗೆ ತೆರೆಯಬೇಕು. ಬೆಳಗಿನ ತಾಲೀಮು ಮುಗಿದೊಡನೆ ಒಂದು ಚೊಂಬಿನಲ್ಲಿ ಬಿಸಿ ಹಾಲು ತರುತ್ತಿದ್ದರು. ಮೆಣಸು, ಕಲ್ಲುಸಕ್ಕರೆ, ಚಿಟಿಕೆ ಅರಿಶಿನ. ಗಂಟಲಿಗೆ ಒಳ್ಳೆಯದು ಎನ್ನುತ್ತಿದ್ದರು. ಅಮ್ಮನ ಬುದ್ಧಿಮಾತು ನೆನಪಿದ್ದರೂ ದೊಡ್ಡವರ ಮುಂದೆ ಬೇಡವೆನ್ನಲು ನಾಚಿಕೆಯಾಗಿ ನಾಲ್ಕು ದಿನ ಕುಡಿದೆ. ಐದನೆಯ ದಿನ ಅಮ್ಮ ನೋಡಿಬಿಟ್ಟಳು.

ಅವಳು ನನ್ನನ್ನು ಬಯ್ಯಲಿಲ್ಲ. ಚೊಂಬು ಕೋಣೆಗೆ ತಂದು, ಹಾಲನ್ನು ಹಿತ್ತಿಲಿಗೆ ಚೆಲ್ಲಿ, ಸೊಂಟದಲ್ಲಿದ್ದ ಬಟ್ಟೆಯಿಂದ ತಳ ಒರೆಸಿದಳು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಅದರ ಮೇಲೆ ಕೆಂಪು ಕಲೆ ಇತ್ತು.

"ತನ್ನ ಜಾಗ ಕಿತ್ಕೊಂಡೋಳಿಗೆ ಯಾರಾದ್ರೂ ಹಾಲು ಕೊಡ್ತಾರೇನೇ?" ಎಂದಳು.

ಅಂದಿನಿಂದ ಅಣ್ಣ ಕೊಟ್ಟ ಹಾಲನ್ನು ಕೋಣೆಯಲ್ಲಿ ಕುಡಿಯುತ್ತೇನೆಂದು ಹೇಳಿ ತಂದು ಚೆಲ್ಲುತ್ತಿದ್ದೆವು. ಆದರೂ ಹತ್ತು ಹದಿನೈದು ದಿನದಲ್ಲಿ ನನ್ನ ಗಂಟಲು ಒಡೆಯತೊಡಗಿತು. ಬೆಳಿಗ್ಗೆ ಎದ್ದರೆ ದನಿಯೇ ಹೊರಡದು. ಮೊದಲ ನಾಲ್ಕು ದಿನ ಒಳಗೆ ಹೋದದ್ದು ಈಗ ಕೆಲಸ ಮಾಡುತ್ತಿದೆ ಎಂದು ಅಮ್ಮ ತೀರ್ಮಾನಿಸಿದಳು. ನಾನೂ ನಂಬಿದೆ. ಅಲ್ಲಿಂದ ಮುಂದೆ ಅಣ್ಣ ಏನು ಮಾಡಿದರೂ ನನ್ನ ಕಣ್ಣಿಗೆ ಬೇರೆಯೇ ಕಾಣುತ್ತಿತ್ತು. ನನ್ನ ತಪ್ಪು ತಿದ್ದಿದರೆ ಹೀಯಾಳಿಸಿದಂತೆ, ತಿದ್ದದೆ ಬಿಟ್ಟರೆ ಬೇಕೆಂದೇ ಬಿಟ್ಟಂತೆ. ಒಂದು ಮಧ್ಯಾಹ್ನ ಅವರು ಪೇಟೆಗೆ ಹೊರಟಾಗ ಹಿಂದೆಯೇ ಹೋದೆ. ಗ್ರಂಥಿಗೆ ಅಂಗಡಿಯ ಮುಂದೆ ನಿಂತು ಒಂದು ಸಣ್ಣ ಪೊಟ್ಟಣ ಕಟ್ಟಿಸಿಕೊಂಡು, ಅದನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಬೇರು, ನಾರು, ಮೆಣಸು ಮಾರುವ ಆ ಅಂಗಡಿಯಲ್ಲಿ ಸಿಂಧೂರವೂ ಸಿಗುತ್ತಿತ್ತು. ನನಗೆ ಅಷ್ಟು ಸಾಕಾಯಿತು.

ಅದೇ ವಾರ ತಾಲೀಮಿನಲ್ಲಿ ಅವರು ಹಾರ್ಮೋನಿಯಂ ಮೇಷ್ಟ್ರಿಗೆ ಹೇಳಿದರು. "ಮೇಷ್ಟ್ರೇ, ಈ ಮಗೂಗೆ ಶ್ರುತಿ ಎರಡು ಮನೆ ಇಳಿಸಿ. ನನ್ನ ಶ್ರುತೀಲೇ ಹಾಡಿಸಿದ್ರೆ ಗಂಟಲು ಉಳಿಯಲ್ಲ."

ಶ್ರುತಿ ಇಳಿಸಿದರೆ ಜನ ಏನೆನ್ನುತ್ತಾರೆ? ಅಣ್ಣ ಮುಟ್ಟುತ್ತಿದ್ದ ಜಾಗವನ್ನು ಈ ಹುಡುಗಿ ಮುಟ್ಟಲಾರಳು ಎನ್ನುತ್ತಾರೆ. ಅದೇ ಅವರಿಗೆ ಬೇಕಾದದ್ದು ಎಂದುಕೊಂಡೆ. ಬೇಡ, ನನಗೆ ಆಗುತ್ತದೆ ಎಂದು ಎಲ್ಲರ ಮುಂದೆ ಹೇಳಿದೆ. ಮೇಷ್ಟ್ರು ಯಜಮಾನರ ಮುಖ ನೋಡಿದರು. ಯಜಮಾನರು ಜನಕ್ಕೆ ಆ ಎತ್ತರದ ದನಿಯೇ ರೂಢಿ, ಇರಲಿ ಎಂದರು.

ಭಾನುವಾರದ ಆಟ. ಹೆಂಗಸರೇ ಹೆಚ್ಚಾಗಿ ಸೇರಿದ್ದರು, ತಗಡಿನ ಮಾಡಿನ ಕೆಳಗೆ ಸೆಕೆ. ಎರಡನೆಯ ಅಂಕದಲ್ಲಿ ನಾಯಕಿಯ ವಿರಹದ ಹಾಡು. ಪಲ್ಲವಿ ಹೇಗೋ ದಾಟಿತು. ಚರಣದಲ್ಲಿ ಮೇಲಿನ ಸ್ವರಕ್ಕೆ ಹೋದಾಗ ದನಿ ಎರಡಾಗಿ ಒಡೆದು ನಿಂತುಹೋಯಿತು. ಬಾಯಿ ತೆರೆದಿದ್ದೇನೆ, ಗಾಳಿ ಬಿಟ್ಟರೆ ಏನೂ ಬರುತ್ತಿಲ್ಲ. ಅಷ್ಟರಲ್ಲಿ ಪಕ್ಕದ ಪರದೆಯ ಮರೆಯಿಂದ ಅಣ್ಣನ ದನಿ ಎದ್ದಿತು. ನಾನು ಬಿಟ್ಟ ಅಕ್ಷರದಿಂದಲೇ ಎತ್ತಿಕೊಂಡು ಚರಣ ಮುಗಿಸಿದರು. ಆ ಕಂಠದ ಗುರುತಿದ್ದ ಜನ ಚಪ್ಪಾಳೆ ತಟ್ಟಿದರು. ನಾನು ಬೆನ್ನು ತಿರುಗಿಸಿ ನಿಂತೆ.

ಆಟ ಮುಗಿದು, ಮುಖದ ಬಣ್ಣ ತೆಗೆಯುವ ಮೊದಲೇ, ಬಣ್ಣದ ಕೋಣೆಯಲ್ಲಿ ಎಲ್ಲರೂ ಇದ್ದಾಗ ಹೇಳಿಬಿಟ್ಟೆ. ಒಡಕು ದನಿಯಲ್ಲಿ, ಪಿಸುಮಾತಿನಂತೆ. "ನೀವೇ ಸಿಂಧೂರ ಹಾಕಿದ್ದು. ನಮ್ಮಮ್ಮನ ಹತ್ರ ಸಾಕ್ಷಿ ಐತೆ."

ಅಮ್ಮ ಆ ಬಟ್ಟೆ ಹರವಿದಳು. ಅಣ್ಣ ಅದನ್ನು ಕೈಗೆ ತೆಗೆದುಕೊಂಡು ಕಲೆಯನ್ನು ಬಹಳ ಹೊತ್ತು ನೋಡಿದರು. ಅವರು ಕೂಗಾಡಲಿ ಎಂದು ನಾನು ಕಾಯುತ್ತಿದ್ದೆ. ಅವರು ಬಟ್ಟೆಯನ್ನು ಮಡಿಸಿ ಅಮ್ಮನಿಗೆ ಕೊಟ್ಟು, ನಾಳೆಯಿಂದ ಹಾಲು ತರುವುದಿಲ್ಲ ಎಂದಷ್ಟೇ ಹೇಳಿ ಹೊರಗೆ ಹೋದರು. ಮರುದಿನ ಬೆಳಗಿನ ರೈಲಿಗೆ ಹೋಗಿಬಿಟ್ಟರೆಂದು ಗೊತ್ತಾಯಿತು. ತಪ್ಪು ಮಾಡದವನು ಹೀಗೆ ಹೋಗುತ್ತಾನೆಯೇ ಎಂದು ಅಮ್ಮ ಗೆದ್ದವಳಂತೆ ಕೇಳಿದಳು.

ಅವರು ಹೋದರೂ ಅನುಮಾನ ಹೋಗಲಿಲ್ಲ. ರಾಜನ ಪಾತ್ರದವನು ತನ್ನ ನೀರಿನ ಹೂಜಿಗೆ ಬಟ್ಟೆ ಕಟ್ಟಿಟ್ಟ. ಮೇಷ್ಟ್ರು ತಮ್ಮ ಎಲೆಅಡಿಕೆ ಚೀಲವನ್ನು ಸ್ನಾನಕ್ಕೂ ಒಯ್ಯತೊಡಗಿದರು. ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದ ಕಂಪನಿಯ ಹಿತ್ತಿಲಲ್ಲಿ ಒಂದೊಂದಾಗಿ ಆರೇಳು ಒಲೆ ಹುಟ್ಟಿಕೊಂಡವು. ಎಲ್ಲವೂ ನನ್ನ ಒಂದು ಮಾತಿನಿಂದ ಶುರುವಾದದ್ದು. ನನ್ನನ್ನೂ ಯಾರೂ ಹತ್ತಿರಕ್ಕೆ ಸೇರಿಸುತ್ತಿರಲಿಲ್ಲ.

ಯಜಮಾನರು ನನ್ನನ್ನು ಆಸ್ಪತ್ರೆಗೆ ಕಳಿಸಿದರು. ಡಾಕ್ಟರು ಪುಟ್ಟ ಕನ್ನಡಿ ಹಿಡಿದು ಗಂಟಲು ನೋಡಿದರು. ವಿಷವೂ ಇಲ್ಲ, ಯಾರೂ ಮದ್ದು ಹಾಕಿಯೂ ಇಲ್ಲ, ಎಳೆದು ಎಳೆದು ಬಾತುಕೊಂಡಿದೆ, ಒಂದು ತಿಂಗಳು ಮಾತೂ ಆಡಬೇಡ ಎಂದರು. ಹೊರಡುವಾಗ, ಇಷ್ಟು ಎತ್ತರಕ್ಕೆ ಯಾಕಮ್ಮ ಕಿರುಚುತ್ತೀಯ ಎಂದು ಕೇಳಿದರು. ಬಾಯಿ ಮುಚ್ಚಿಕೊಂಡು ಕೂತ ಆ ತಿಂಗಳು ನನಗೆ ಯೋಚನೆ ಮಾಡಲು ಬೇಕಾದಷ್ಟು ಹೊತ್ತಿತ್ತು.

ಒಂದು ದಿನ ಮನೆಯೊಡತಿ ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದಾಗ ಬಟ್ಟಲು ಉರುಳಿತು. ಕೈಗೆ ಸಿಕ್ಕಿದ್ದು ಅಮ್ಮನ ಅದೇ ಸೊಂಟದ ಬಟ್ಟೆ, ಅದರಿಂದಲೇ ಒರೆಸಿದೆ. ಹಳದಿ ನೀರು ಬಟ್ಟೆಗೆ ತಾಗಿದಲ್ಲೆಲ್ಲ ಕೆಂಪಾಯಿತು. ಅಮ್ಮ ಎಲೆಗೆ ಸುಣ್ಣ ಹಚ್ಚಿ ಬೆರಳು ಒರೆಸುತ್ತಿದ್ದ ಬಟ್ಟೆ ಅದು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆಂದು ಆರತಿ ನೀರು ಕಲಸಿದ ಯಾವ ಹೆಂಗಸಿಗೆ ಗೊತ್ತಿಲ್ಲ? ನಮ್ಮಿಬ್ಬರಿಗೂ ಗೊತ್ತಿತ್ತು. ಅಮ್ಮನಿಗೆ ತೋರಿಸಿದೆ. ಅವಳು ಬಟ್ಟೆ ಕಿತ್ತುಕೊಂಡು, "ಅದೇ ಬೇರೆ, ಇದೇ ಬೇರೆ" ಎಂದು ಒಗೆಯಲು ಹೋದಳು. ಸಾಯುವವರೆಗೂ ಅವಳು ಆ ಮಾತು ಬದಲಿಸಲಿಲ್ಲ.

ಮೇಷ್ಟ್ರು ಶ್ರುತಿ ಎರಡು ಮನೆ ಇಳಿಸಿದರು. ನನ್ನ ದನಿ ಮರಳಿತು, ಜನ ಒಪ್ಪಿಕೊಂಡರು.

ಎರಡು ವರ್ಷದ ಮೇಲೆ ಕಂಪನಿ ನಮ್ಮ ಆವತಿಯ ಕಡೆಯ ವಿಜಯಪುರಕ್ಕೆ ಹೋಯಿತು. ಅಣ್ಣ ಅದೇ ಊರಿನವರು, ತಮ್ಮನ ಜೊತೆ ರೇಷ್ಮೆ ನೂಲು ತೆಗೆಯುತ್ತಿದ್ದಾರೆ ಎಂದು ಕೇಳಿ ಒಬ್ಬಳೇ ಹುಡುಕಿಕೊಂಡು ಹೋದೆ. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿದ್ದ ವಾಸನೆ. ಅವರ ಬೆರಳುಗಳು ಬೆಂದು ಬಿಳಚಿಕೊಂಡಿದ್ದವು. ಅರಿಶಿನ ಸುಣ್ಣದ ವಿಷಯವನ್ನೆಲ್ಲ ಹೇಳಿ ತಪ್ಪಾಯಿತು ಎಂದೆ. ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಎಳೆ ಬಿಡದೆಯೇ ಹೇಳಿದರು.

"ನಿನ್ನ ದನಿ ಒಡೀತಲ್ಲ, ಆಗ ನಂಗೆ ಒಂದು ಗಳಿಗೆ ಖುಷಿಯಾಯ್ತು ಕಣಮ್ಮಾ. ಚಪ್ಪಾಳೆ ಬಿದ್ದಾಗ ಇನ್ನೂ ಜಾಸ್ತಿ. ಅಷ್ಟು ಆದ್ಮೇಲೆ ನಾನು ಹಾಕಿಲ್ಲ ಅಂತ ಯಾವ ಬಾಯಲ್ಲಿ ವಾದ ಮಾಡ್ಲಿ?"

ಕಂಪನಿಗೆ ವಾಪಸು ಬನ್ನಿ ಎಂದು ಕರೆದೆ. ಬರುವುದಿಲ್ಲ ಎಂದರು. ಆದರೆ ಹಿಂದಿನ ದಿನದ ಆಟಕ್ಕೆ ಬಂದಿದ್ದರಂತೆ, ಹಿಂದಿನ ಬೆಂಚಿನಲ್ಲಿ ಕೂತಿದ್ದರಂತೆ. ಚರಣದ ಎರಡನೇ ಸಾಲಿನಲ್ಲಿ ನಾನು ಉಸಿರನ್ನು ತಪ್ಪು ಜಾಗದಲ್ಲಿ ತೆಗೆದುಕೊಳ್ಳುತ್ತೇನೆ, ಒಂದು ಶಬ್ದ ಮುಂಚೆ ತೆಗೆದುಕೋ ಎಂದು ಮೆಲ್ಲಗೆ ಹಾಡಿ ತೋರಿಸಿದರು.

ಬಿಡಾರಕ್ಕೆ ಹಿಂದಿರುಗುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಇವರು ಬೇಕೆಂದೇ ತಪ್ಪು ಜಾಗ ಹೇಳಿಕೊಟ್ಟಿದ್ದರೆ? ಎದುರು ಕೂತು ಕ್ಷಮೆ ಕೇಳಿ ಬಂದ ಮೇಲೂ ಹಾಗೆ ಅನ್ನಿಸಿತಲ್ಲ ಎಂದು ನನಗೇ ಅಸಹ್ಯವಾಯಿತು. ಮುಂದಿನ ಆಟದಲ್ಲಿ ಆ ಸಾಲು ಬಂದಾಗ ಅವರು ಹೇಳಿದಲ್ಲೇ ಉಸಿರು ತೆಗೆದುಕೊಂಡೆ. ಸಾಲು ತುದಿಯವರೆಗೆ ಸಲೀಸಾಗಿ ಹೋಯಿತು.